ಹದಿನೇಳನೇ ಪುಟದ ಪಂಡಿತರು

ನಮ್ಮ ಬೀದಿಯಲ್ಲಿ ಒಂದು ಗಾದೆಯನ್ನು ಈಗ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಿಮಗೂ ಗೊತ್ತಿರುವ ಗಾದೆಯೇ. ಮುಖ ಗಂಟು ಹಾಕಿಕೊಂಡು ಕೂರಬೇಡಿ, ಇರುವಷ್ಟು ದಿನ ಬದುಕನ್ನು ಸವಿಯಿರಿ ಎಂಬ ಅರ್ಥದ್ದು. ಅದನ್ನು ನಾನೂ ಇಲ್ಲಿ ಹೇಳುವುದಿಲ್ಲ. ಹೇಳಿದರೆ ಮೂಲೆಮನೆಯ ಬಡಗಿ ಸುತ್ತಿಗೆ ಹಿಡಿದು, "ಯಾರ ಮನೆ ಬಾಗಿಲು ಬಿಚ್ಚಬೇಕು?" ಎಂದು ಓಡಿಬರುತ್ತಾನೆ. ಅವನನ್ನು ಈ ಸ್ಥಿತಿಗೆ ತಂದವರು ನಮ್ಮ ಪಂಡಿತರು.

ಪಂಡಿತರು ಎಂದ ಕೂಡಲೇ ಶಾಲು, ಸನ್ಮಾನ ಎಂದೆಲ್ಲ ಊಹಿಸಿಕೊಳ್ಳಬೇಡಿ. ಅವರು ಪುಸ್ತಕಕ್ಕೆ ಬೈಂಡು ಹಾಕುವವರು. ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಬಾಗಿಲು ತೆರೆದರೆ ಮೊದಲು ಅಂಟಿನ ವಾಸನೆ ಬರುತ್ತದೆ, ಆಮೇಲೆ ಪಂಡಿತರು ಬರುತ್ತಾರೆ. ಅಚ್ಚಿನಮನೆಯವರು ಅಚ್ಚಾದ ಹಾಳೆಗಳನ್ನು ಮಡಚಿ, ಹದಿನಾರು ಹದಿನಾರು ಪುಟದ ಕಟ್ಟುಗಳಾಗಿ ಕಳಿಸುತ್ತಾರೆ. ಒಂದೊಂದು ಕಟ್ಟಿಗೂ ಫಾರಂ ಎಂದು ಹೆಸರು. ಪಂಡಿತರು ಆ ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ, ದಾರದಲ್ಲಿ ಹೊಲಿದು, ಅಂಟು ಬಳಿದು, ಅಂಚು ಕತ್ತರಿಸಿ, ಹೊರೆ ಕಟ್ಟಿ ಕಳಿಸುತ್ತಾರೆ. ಫಾರಂಗಳು ಹಿಂದುಮುಂದಾದರೆ ಕಥೆಯಲ್ಲಿ ಸತ್ತವನು ಎದ್ದು ಬಂದು ಊಟಕ್ಕೆ ಕೂತುಬಿಡುತ್ತಾನೆ. ಅದಕ್ಕಾಗಿ ಪಂಡಿತರು ಪ್ರತಿ ಫಾರಮ್ಮಿನ ಮೇಲಿನ ಪುಟವನ್ನು ಓದಿಯೇ ಜೋಡಿಸುವುದು. ಒಳಗಿನ ಪುಟಗಳು ಮಡಿಕೆಯೊಳಗೆ ಮುಚ್ಚಿಕೊಂಡಿರುತ್ತವೆ. ಅಂಚು ಕತ್ತರಿಸಿ ಅವು ಬಾಯಿಬಿಡುವ ಹೊತ್ತಿಗೆ ಅಚ್ಚಿನಮನೆಯ ಗಾಡಿ ಬಾಗಿಲಲ್ಲಿ ನಿಂತು ಹಾರನ್ ಹೊಡೆಯುತ್ತಿರುತ್ತದೆ.

ಹೀಗಾಗಿ ಇಪ್ಪತ್ತಾರು ವರ್ಷಗಳಲ್ಲಿ ಪಂಡಿತರು ಸಾವಿರಾರು ಪುಸ್ತಕ ಓದಿದ್ದರು, ಆದರೆ ಒಂದನೇ ಪುಟ, ಹದಿನೇಳನೇ ಪುಟ, ಮೂವತ್ಮೂರನೇ ಪುಟ, ನಲವತ್ತೊಂಬತ್ತನೇ ಪುಟ, ಹೀಗೆ. ನಡುವಿನದಕ್ಕೂ ಅವರಿಗೂ ಮುಖಪರಿಚಯ ಕೂಡ ಇರಲಿಲ್ಲ. ಬೀದಿಯವರಿಗೆ ಇದೇನು ಗೊತ್ತು? ಜ್ವರ ಎಂದರೆ ವೈದ್ಯದ ಮಾತು, ಜಗಳ ಎಂದರೆ ಕಾನೂನಿನ ಮಾತು ಪಂಡಿತರ ಬಾಯಲ್ಲಿ ಸಿದ್ಧ. ಮಾತು ನಡುವೆ ಥಟ್ಟನೆ ನಿಂತುಹೋದರೆ, "ನೋಡಿ, ಉಳಿದದ್ದನ್ನ ನಮ್ಮ ಯೋಚನೆಗೆ ಬಿಟ್ಟರು" ಎಂದು ಜನ ತಲೆದೂಗುತ್ತಿದ್ದರು. ಪಂಡಿತರೂ ಇಲ್ಲ ಎನ್ನಲಿಲ್ಲ. ಅವರನ್ನು ಪಂಡಿತರು ಎಂದು ಮೊದಲು ಕರೆದವನು ಅಂಚೆಯಣ್ಣ. ಆಮೇಲೆ ಅವರ ನಿಜವಾದ ಹೆಸರು ಅವರಿಗೇ ನೆನಪಿತ್ತೋ ಇಲ್ಲವೋ.

ಅವರ ಹೆಂಡತಿಗೆ ಒಬ್ಬ ಅಣ್ಣ. ಅದೇ ಬೀದಿಯಲ್ಲಿ ನಾಲ್ಕು ಮನೆ ದಾಟಿದರೆ ಅವರ ಮನೆ. ಒಂಟಿ ಜೀವ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಇನ್ಸ್‌ಪೆಕ್ಟರ್ ಆಗಿದ್ದವರು. ಎಲ್ಲರೂ ಅವರನ್ನು ಕರೆಯುವುದು ಅಳತೆ ಸಾಹೇಬರು ಎಂದು. ಅವರ ಕೋಟು ಬೀದಿ ತಿರುವಿನಲ್ಲಿ ಕಂಡರೆ ಸಾಕು, ಅಂಗಡಿಯವರ ತಕ್ಕಡಿ ತಾನಾಗಿಯೇ ನೆಟ್ಟಗಾಗುತ್ತಿತ್ತು. ಸುಳ್ಳು ತೂಕವನ್ನು ಕೈಯಲ್ಲಿ ಎತ್ತಿದರೆ ಹೇಳಿಬಿಡುತ್ತಿದ್ದರು. ನಕ್ಕಿದ್ದನ್ನು ಯಾರೂ ನೋಡಿರಲಿಲ್ಲ. ಒಮ್ಮೆ ನಕ್ಕರು ಎಂದು ಸುದ್ದಿಯಾಗಿತ್ತು, ವಿಚಾರಿಸಿದರೆ ಹಲ್ಲುನೋವು.

ಅವರು ನಿವೃತ್ತರಾದರು. ಸಹೋದ್ಯೋಗಿಗಳು ಹಿತ್ತಾಳೆಯ ತೂಕದ ಕಲ್ಲುಗಳ ಒಂದು ಸೆಟ್ಟನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ಕೊಟ್ಟು, ನಿಟ್ಟುಸಿರುಬಿಟ್ಟು ಕಳಿಸಿಕೊಟ್ಟರು. ಮರುದಿನ ಬೆಳಿಗ್ಗೆ ಏಳಕ್ಕೆ ಸಾಹೇಬರು ತಂಗಿಯ ಅಡುಗೆಮನೆಯಲ್ಲಿದ್ದರು.

"ತಂಗಿ, ಈ ಬ್ರೆಡ್ಡು ಎಂಟು ಗ್ರಾಂ ಕಡಿಮೆ ಇದೆ."

"ಇರ್ಲಿ ಬಿಡಣ್ಣ, ತಿನ್ನು."

"ತಿಂದರೆ ಸಾಕ್ಷಿ ನಾಶ ಆಗುತ್ತೆ."

ಮೂರು ವಾರ ಹೀಗೇ ನಡೆಯಿತು. ಚಮಚೆಯ ಆಳ ಅಳೆದಾಯಿತು, ಹಾಲಿನ ಮಟ್ಟಕ್ಕೆ ಪಾತ್ರೆಯಲ್ಲಿ ಗೀಟು ಬಿತ್ತು. ಒಂದು ದಿನ ಉಪ್ಪಿನ ಡಬ್ಬಿಯ ಮೇಲೆ 'ತಪಾಸಣೆಯಾಗಿದೆ' ಎಂಬ ಚೀಟಿ ಅಂಟಿದ್ದನ್ನು ನೋಡಿದ ತಂಗಿ, ಸೌಟು ಹಿಡಿದುಕೊಂಡೇ ಮುಂದಿನ ಕೋಣೆಗೆ ಬಂದರು.

"ರೀ, ಊರಿಗೆಲ್ಲ ಬುದ್ಧಿ ಹೇಳ್ತೀರ. ನಮ್ಮಣ್ಣನಿಗೆ ಒಂಚೂರು ಹೇಳಬಾರದಾ? ಜೀವನದಲ್ಲಿ ಒಂದು ದಿನ ಖುಷಿಪಟ್ಟೋರಲ್ಲ ಅವರು. ಇಷ್ಟಾದ ಮೇಲಾದ್ರೂ ಸ್ವಲ್ಪ ಸುಖವಾಗಿರಲಿ. ನನ್ನ ಅಡುಗೆಮನೆಯಿಂದ ಹೊರಗೆ ಇರಲಿ!"

ಪಂಡಿತರು ಕೈಯ ಅಂಟು ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಭಾವಮೈದುನನನ್ನು ಕರೆದು ಕೂರಿಸಿ ಆ ಗಾದೆಯನ್ನು ಹೇಳಿದರು. ಬೇರೆಯವರಾಗಿದ್ದರೆ "ಹೌದಪ್ಪ" ಎಂದು ಎದ್ದುಹೋಗುತ್ತಿದ್ದರು. ಅಳತೆ ಸಾಹೇಬರು ಜೇಬಿನಿಂದ ನೋಟ್‌ಬುಕ್ ತೆಗೆದರು.

"ಅರ್ಥ?"

"ಅಂದ್ರೆ... ಖುಷಿಯಾಗಿರಬೇಕು ಅಂತ."

"ಎಷ್ಟು?"

"ಎಷ್ಟು ಅಂದ್ರೆ? ಆದಷ್ಟು!"

"ಹಾಗಂದ್ರೆ ಆಗಲ್ಲ ಭಾವ. ಇದರ ಮೂಲ ಯಾವುದು? ಮೊದಲು ಹೇಳಿದೋರು ಯಾರು? ಯಾವ ಸಂದರ್ಭದಲ್ಲಿ? ಏನೇನು ಮಾಡಿ ಹೇಳಿದರು?"

ಇಲ್ಲಿ ಪಂಡಿತರು "ಗೊತ್ತಿಲ್ಲ" ಎಂದಿದ್ದರೆ ಈ ಕಥೆ ಇರುತ್ತಿರಲಿಲ್ಲ, ಬೀದಿಗೆ ಇಷ್ಟು ನಗುವೂ ಇರುತ್ತಿರಲಿಲ್ಲ. ಆದರೆ ದೇವರು ದೊಡ್ಡವನು. ಹೋದ ತಿಂಗಳಷ್ಟೇ ಅವರು ಗಾದೆಗಳ ಹುಟ್ಟಿನ ಬಗ್ಗೆ ಒಂದು ದಪ್ಪ ಪುಸ್ತಕಕ್ಕೆ ಬೈಂಡು ಹಾಕಿದ್ದರು. ಎರಡನೇ ಫಾರಮ್ಮಿನ ಮೇಲೆ, ಅಂದರೆ ಹದಿನೇಳನೇ ಪುಟದಲ್ಲಿ, ಸಾಕ್ಷಾತ್ ಅದೇ ಗಾದೆ ಇತ್ತು. ಐನೂರು ಪ್ರತಿ ಜೋಡಿಸುವಾಗ ಐನೂರು ಸಲ ಓದಿದ್ದ ಪುಟ.

"ಬರ್ಕೊಳ್ಳಿ," ಎಂದರು ಪಂಡಿತರು. "ಒಂದೂರಿನಲ್ಲಿ ಒಬ್ಬ ಅಂಬಿಗ. ಮೂವತ್ತು ವರ್ಷ ಜನರನ್ನ ಹೊಳೆ ದಾಟಿಸಿದ. ಒಂದು ದಿನವೂ ನಗಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ದೋಣಿಯ ಹುಟ್ಟನ್ನ ಕೆಳಗಿಟ್ಟ. ತನ್ನ ಕೋಟನ್ನ ನೆರೆಯವನಿಗೆ ಕೊಟ್ಟ. ಮನೆಯ ಬಾಗಿಲನ್ನ ಬಿಚ್ಚಿಸಿ ಬೀದಿಗೆ ತಂದು ಹಾಕಿ, ಅದರ ಮೇಲೆ ಕೂತು, ಬಾಯ್ತುಂಬ ನಕ್ಕು ಈ ಮಾತನ್ನ ಹೇಳಿದ."

"ಆಮೇಲೆ?"

"ಆಮೇಲೇನು? ಗಾದೆ ಆಯ್ತು."

ಸಾಹೇಬರು ಬರೆದದ್ದನ್ನು ಮತ್ತೊಮ್ಮೆ ಓದಿಕೊಂಡು, ಕೆಳಗೆ ಗೀಟು ಎಳೆದು ಎದ್ದರು. ಮೂವತ್ತನಾಲ್ಕು ವರ್ಷ ಕೈಯಲ್ಲಿ ನಿಯಮಪುಸ್ತಕ ಹಿಡಿದಿದ್ದ ಮನುಷ್ಯ, ಮೂರು ವಾರದಿಂದ ನಿಯಮವಿಲ್ಲದೆ ಒದ್ದಾಡುತ್ತಿದ್ದವರು. ಈಗ ಅವರಿಗೆ ಸುಖಪಡುವ ವಿಧಾನ, ಕ್ರಮವಾಗಿ, ಲಿಖಿತವಾಗಿ ಸಿಕ್ಕಿತ್ತು.

ಮೊದಲು ಕೋಟು ಹೋಯಿತು, ಪಕ್ಕದ ಮನೆಯ ಅಂಚೆಯಣ್ಣನಿಗೆ. ಅಂಚೆಯಣ್ಣ ಕಡ್ಡಿಯಂಥ ಮನುಷ್ಯ. ಕೋಟಿನೊಳಗೆ ಅವನಂಥ ಇನ್ನೊಬ್ಬರಿಗೆ ಜಾಗವಿತ್ತು. ಆದರೂ ಹಾಕಿಕೊಂಡೇ ಕಾಗದ ಹಂಚಲು ಹೊರಟ. ಹಿಂದಿನಿಂದ ಕೋಟು ನೋಡಿದ ಅಂಗಡಿಬೀದಿ ನಡುಗಿಹೋಯಿತು. ಹಣ್ಣಿನವಳು ಕೇಳದೆಯೇ ಎರಡು ಹಣ್ಣು ಜಾಸ್ತಿ ಹಾಕಿದಳು. ಹಿಟ್ಟಿನ ಅಂಗಡಿಯವನು ತೂಕದ ಕಲ್ಲುಗಳನ್ನು ಹಿಟ್ಟಿನೊಳಗೇ ಹೂತುಬಿಟ್ಟು, ಆಮೇಲೆ ಅರ್ಧ ದಿನ ಹುಡುಕಿದ. ಅಂಚೆಯಣ್ಣ ಸಂಜೆ ಬಂದು ಸಾಹೇಬರ ಕೈ ಹಿಡಿದುಕೊಂಡ. "ಸಾರ್, ಇಷ್ಟು ಮರ್ಯಾದೆ ನಮ್ಮಪ್ಪನಾಣೆ ನನಗೆ ಯಾವತ್ತೂ ಸಿಕ್ಕಿರಲಿಲ್ಲ!"

ಸಾಹೇಬರು ನೋಟ್‌ಬುಕ್ಕಿನಲ್ಲಿ ಆ ಸಾಲಿಗೆ ಗುರುತು ಹಾಕಿ, ಬಡಗಿಯನ್ನು ಕರೆಸಿದರು.

ಬಡಗಿ ಬಂದು ಬಾಗಿಲನ್ನು ತೆಗೆದು ನೋಡಿದ, ಹಾಕಿ ನೋಡಿದ. "ಏನು ತೊಂದ್ರೆ ಸಾರ್? ಬಾಗಿಲು ಚೆನ್ನಾಗಿಯೇ ಕೂತಿದೆಯಲ್ಲ?"

"ತೊಂದರೆ ಏನಿಲ್ಲ. ಬಿಚ್ಚು."

"ಹೊಸದು ಹಾಕಬೇಕಾ?"

"ಬೇಡ."

"ಮತ್ತೆ ಮನೆಗೆ?"

"ಮನೆ ಅಲ್ಲೇ ಇರುತ್ತೆ. ಬಾಗಿಲು ಮಾತ್ರ ಬೀದಿಗೆ."

ಬಡಗಿ ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದು, ನೆಟ್ಟಗೆ ಪಂಡಿತರ ಮನೆಗೆ ಓಡಿದ. "ಅಮ್ಮಾ, ನಿಮ್ಮಣ್ಣನೋರಿಗೆ ಬಿಸಿಲು ತಲೆಗೆ ಹತ್ತಿದೆ!" ತಂಗಿ ಬರುವಷ್ಟರಲ್ಲಿ ಸಾಹೇಬರು ತಾವೇ ತಿರುಪುಳಿ ಹಿಡಿದು ಮೇಲಿನ ಕೀಲು ಬಿಚ್ಚಿ ಆಗಿತ್ತು. ಕೆಳಗಿನದನ್ನು ಬಡಗಿ ಅಳುಮುಖದಲ್ಲಿ ಬಿಚ್ಚಿದ. ಏಳಡಿ ಉದ್ದ, ಮೂರಡಿ ಅಗಲದ ಬಾಗಿಲು ಬೀದಿಯ ಅಂಚಿನಲ್ಲಿ ನಾಲ್ಕು ಇಟ್ಟಿಗೆ ಕಂಬಗಳ ಮೇಲೆ ಮಲಗಿತು. ಸಾಹೇಬರು ಅದರ ಮೇಲೆ ಕೂತರು. ಬೀದಿಯೆಲ್ಲ ಸುತ್ತ ನಿಂತಿತು. ಸಾಹೇಬರು ನೋಟ್‌ಬುಕ್ ನೋಡಿಕೊಂಡು, "ಹ ಹ ಹ" ಎಂದು ಮೂರು ಸಲ ನಕ್ಕರು. ಮೊದಲ ದಿನದ ಮಟ್ಟಿಗೆ ಅದು ಕೆಟ್ಟದ್ದೇನಲ್ಲ. ಎದುರುಮನೆಯ ಅಜ್ಜಿಯೊಬ್ಬರು ಮಾತ್ರ ಹೆದರಿ ಮೊಮ್ಮಕ್ಕಳನ್ನು ಒಳಗೆ ಕಳಿಸಿದರು.

ಇನ್ನು ಉಳಿದದ್ದು ಹುಟ್ಟನ್ನು ಕೆಳಗಿಡುವುದು. ಸಾಹೇಬರ ಹುಟ್ಟು ಎಂದರೆ ತೂಕದ ಕಲ್ಲುಗಳು ತಾನೇ? ಮಖಮಲ್ಲಿನ ಪೆಟ್ಟಿಗೆಯಿಂದ ಹಿತ್ತಾಳೆಯವು ಬಂದವು, ಅಟ್ಟದಿಂದ ಅವರ ಹಳೆಯ ಕಬ್ಬಿಣದವು ಬಂದವು. ಎಲ್ಲವನ್ನೂ ಬಾಗಿಲ ಮೇಲಿಟ್ಟರು. ಒಂದು ಕಡೆ ಹಳದಿ, ಒಂದು ಕಡೆ ಕಪ್ಪು. ಅಂಚೆಯಣ್ಣ ತಲೆ ಕೆರೆದುಕೊಂಡು, "ಸಾರ್, ಇದು ಚದುರಂಗ ಇದ್ದಂಗಿದೆ" ಎಂದ.

ಸಾಹೇಬರು ಟೇಪು ಹಿಡಿದು, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಅರವತ್ನಾಲ್ಕು ಮನೆ ಬರೆದರು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಕಿಲೋದ ಕಲ್ಲು ರಾಜ, ಅರ್ಧ ಕಿಲೋ ಮಂತ್ರಿ, ಚಿಕ್ಕ ಚಿಕ್ಕವೆಲ್ಲ ಕಾಲಾಳುಗಳು. ಅಂಚೆಯಣ್ಣ ಮೊದಲ ನಡೆ ನಡೆಸಿದ. ಅರ್ಧ ಗಂಟೆಯಲ್ಲಿ ಸಾಹೇಬರು ಸೋತರು. ಸೋತು, ನೋಟ್‌ಬುಕ್ ನೋಡದೆಯೇ ನಕ್ಕರು! ಬಡಗಿಯ ಕೈಯಿಂದ ಟೀ ಲೋಟ ಜಾರಿತು.

ವಾರ ಕಳೆಯುವುದರೊಳಗೆ ಬೀದಿಯ ಜೀವವೇ ಆ ಬಾಗಿಲಿಗೆ ಬಂದು ಕೂತಿತು. ಸಂಜೆ ಐದಾದರೆ ಟೀ ಅಲ್ಲಿಗೇ, ಪತ್ರಿಕೆ ಅಲ್ಲಿಗೇ, ಗಂಡಹೆಂಡಿರ ಜಗಳವೂ ಅಲ್ಲಿಗೇ ತೀರ್ಮಾನಕ್ಕೆ. ಅಡುಗೆಮನೆ ಬಿಡುಗಡೆಯಾದ ತಂಗಿ ಉಪ್ಪಿನ ಡಬ್ಬಿಯ ಚೀಟಿ ಕಿತ್ತು ಹಾಡು ಗುನುಗಿದರು. ಪಂಡಿತರಂತೂ ನೆಲದ ಮೇಲೆ ಕಾಲೂರಲಿಲ್ಲ. ಬಂದವರಿಗೆಲ್ಲ ಅಂಬಿಗನ ಕಥೆ ಹೇಳಿದ್ದೇ ಹೇಳಿದ್ದು. "ಗಾದೆ ಅಂದ್ರೆ ಬರೀ ಬಾಯಿಮಾತಲ್ಲಪ್ಪ, ಮೂಲ ಗೊತ್ತಿರಬೇಕು, ಮೂಲ!"

ಇಷ್ಟು ಸುಖವನ್ನು ಸರ್ಕಾರ ಎಷ್ಟು ದಿನ ಸಹಿಸೀತು? ಒಂದು ಗುರುವಾರ ನಗರಸಭೆಯ ರಸ್ತೆ ಅಧಿಕಾರಿ ಬಂದರು. ಕಂಕುಳಲ್ಲಿ ಫೈಲು, ಬಾಯಲ್ಲಿ ಸೀಟಿ.

"ಯಾರದ್ರೀ ಇದು? ರಸ್ತೆ ಮೇಲೆ ಬಾಗಿಲು!"

"ನನ್ನದು," ಎಂದರು ಸಾಹೇಬರು. "ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ. ಒತ್ತುವರಿ ಇದು. ಎತ್ತಿಸಿ ಗೋಡೌನಿಗೆ ಹಾಕಿಸ್ತೀನಿ."

"ರಸ್ತೆ ಇಪ್ಪತ್ತೊಂದಡಿ, ಬಾಗಿಲು ಮೂರಡಿ. ಉಳಿದದ್ದು ಹದಿನೆಂಟು. ಟೇಪು ಕೊಡ್ಲಾ?"

ಅಧಿಕಾರಿಗೆ ಟೇಪು ಹಿಡಿದವರ ಜೊತೆ ವಾದಿಸಿ ಅಭ್ಯಾಸವಿರಲಿಲ್ಲ. ದನಿ ಇಳಿಸಿದರು. "ಅಲ್ಲಾ ಸ್ವಾಮಿ, ಯಾಕೆ ಬಿಚ್ಚಿದ್ರಿ? ಫೈಲಿನಲ್ಲಿ ಕಾರಣ ಬರೀಬೇಕಲ್ಲ ನಾನು?"

ಪಂಡಿತರು ಎದೆಯುಬ್ಬಿಸಿ ಮುಂದೆ ಬಂದು ಗಾದೆ ಹೇಳಿದರು, ಅಂಬಿಗನ ಕಥೆ ಹೇಳಿದರು. ಅಧಿಕಾರಿ ಕೇಳುತ್ತಾ ಕೇಳುತ್ತಾ ಬಾಗಿಲ ತುದಿಯಲ್ಲಿ ಕೂತೇಬಿಟ್ಟರು. ಆದರೂ ಅಧಿಕಾರಿ ಅಧಿಕಾರಿಯೇ. "ಚೆನ್ನಾಗಿದೆ. ನಮ್ಮ ಕಾಯಿದೆಯಲ್ಲಿ ಹಳೆಯ ಪದ್ಧತಿಗೆ ವಿನಾಯಿತಿ ಇದೆ. ಆದರೆ ಬಾಯಿಮಾತು ಫೈಲಿಗೆ ಬರಲ್ಲ. ಅಚ್ಚಾದ ಪುಸ್ತಕ ತೋರಿಸಿ. ಶನಿವಾರ ಸಂಜೆ ಐದಕ್ಕೆ ಬರ್ತೀನಿ. ಮೂಲ ಇದ್ರೆ ಬಾಗಿಲು ಇಲ್ಲೇ. ಇಲ್ಲಾಂದ್ರೆ ಗೋಡೌನಿಗೆ."

"ಅದಕ್ಕೇನು," ಎಂದರು ಅಳತೆ ಸಾಹೇಬರು. "ನಮ್ಮ ಭಾವ ಓದಿರೋ ಪುಸ್ತಕ. ನಾನೇ ತರಿಸ್ತೀನಿ."

ಪಂಡಿತರ ಎದೆ ಇಳಿಯಿತು. ಆ ತನಕ ಅವರಿಗೆ ಒಂದು ವಿಷಯ ಹೊಳೆದೇ ಇರಲಿಲ್ಲ. ಹದಿನೇಳನೇ ಪುಟದ ಬೆನ್ನಿಗೆ ಹದಿನೆಂಟನೇ ಪುಟ ಎಂಬುದೊಂದು ಇರುತ್ತದೆ.

ಮನೆಗೆ ಬಂದವರೇ ಹೆಂಡತಿಗೆ ನಿಜ ಹೇಳಿಬಿಟ್ಟರು.

"ಏನು? ಓದಿಲ್ವಾ?"

"ಓದಿದ್ದೀನಿ ಮಾರಾಯ್ತಿ. ಹದಿನಾರಕ್ಕೊಂದು."

"ಹಾಗಾದ್ರೆ ನಮ್ಮ ಮಗಳ ಮದುವೆ ದಿನ ಸಂಸಾರ ಅಂದ್ರೆ ಏನು ಅಂತ ಅಷ್ಟುದ್ದ ಹೇಳಿದ್ರಲ್ಲ? ಬೀಗರೆಲ್ಲ ಕಣ್ಣೊರೆಸಿಕೊಂಡ್ರಲ್ಲ?"

"ಅದು ಮೂವತ್ಮೂರನೇ ಪುಟ."

"ಆಮೇಲೆ ಆ ಕಥೇಲಿದ್ದ ಗಂಡಹೆಂಡ್ತಿ ಏನಾದ್ರು?"

"ಗೊತ್ತಿಲ್ಲ. ನಲವತ್ತೊಂಬತ್ತರಲ್ಲಿ ಅವಳು ತವರಲ್ಲಿದ್ದಳು."

ಹೆಂಡತಿ ಸೌಟನ್ನು ಕೆಳಗಿಟ್ಟು, ತಲೆ ಮೇಲೆ ಕೈ ಹೊತ್ತು ಕೂತರು. "ಈಗ ಆ ಬಾಗಿಲು ಗೋಡೌನಿಗೆ ಹೋದ್ರೆ ಅಣ್ಣ ಎಲ್ಲಿಗೆ ಬರ್ತಾನೆ ಹೇಳಿ? ಬಾಗಿಲಿಲ್ಲದ ಮನೇಲಿ ಒಬ್ಬನೇ ಇರ್ತಾನಾ? ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೇ ಬರ್ತಾನೆ. ನನ್ನ ಅಡುಗೆಮನೆಗೆ! ಅದೂ ನೀವು ಸುಳ್ಳು ಹೇಳಿದ್ದು ಗೊತ್ತಾದ ಮೇಲೆ. ಸುಳ್ಳು ತೂಕದವರನ್ನ ಅವನು ಇವತ್ತಿನವರೆಗೂ ಬಿಟ್ಟಿಲ್ಲ. ಹೋಗಿ, ಮೊದಲು ಆ ಪುಟ ನೋಡ್ಕೊಂಡು ಬನ್ನಿ!"

ಶುಕ್ರವಾರ ಲೈಬ್ರರಿಗೆ ರಜೆ. ಆ ಒಂದು ದಿನದಲ್ಲಿ ಪಂಡಿತರು ಒಂದು ಅಡುಗೆ ಪುಸ್ತಕಕ್ಕೂ ಒಂದು ಕಾನೂನು ಪುಸ್ತಕಕ್ಕೂ ಫಾರಂ ಅದಲುಬದಲು ಮಾಡಿದರು. ಶನಿವಾರ ಬೆಳಿಗ್ಗೆ ಲೈಬ್ರರಿ ತೆರೆಯುವ ಹೊತ್ತಿಗೆ ಹೊರಡೋಣವೆಂದರೆ ಅಚ್ಚಿನಮನೆಯ ಗಾಡಿ ಬಂದು ನಿಂತಿತು. ಅದನ್ನು ಕಳಿಸಿ, ಚಪ್ಪಲಿ ಒಂದೊಂದು ಬಗೆಯದು ಮೆಟ್ಟಿಕೊಂಡು ಲೈಬ್ರರಿಗೆ ಓಡಿದರು.

ಲೈಬ್ರರಿಯಮ್ಮ ಮೇಜಿನ ಹಿಂದಿನಿಂದ ಎದ್ದು ನಿಂತರು. "ಬನ್ನಿ ಪಂಡಿತರೇ! ಗಾದೆ ಪುಸ್ತಕವಾ? ಈಗತಾನೆ ನಿಮ್ಮ ಭಾವ ಒಯ್ದರಲ್ಲ."

"ಒ... ಓದಿದ್ರಾ?"

"ಇಲ್ಲೇ ಕೂತು ಓದಿದ್ರು. ಹದಿನೇಳನೇ ಪುಟ ಓದಿ ತಲೆದೂಗಿದ್ರು. ಹಾಳೆ ತಿರುವಿದ್ರು. ಆಮೇಲೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕ್ಕೊಂಡು, ಮತ್ತೆ ಓದಿದ್ರು."

"ಹದಿನೆಂಟರಲ್ಲಿ ಏನಿದೆ ಅಂತ..."

"ನನ್ನನ್ನ ಪರೀಕ್ಷೆ ಮಾಡ್ತೀರಾ?" ಲೈಬ್ರರಿಯಮ್ಮನಿಗೆ ನಗು. "ನನಗೂ ಬಾಯಿಪಾಠ ಬರುತ್ತೆ ಕೇಳಿ. 'ಎಂದು ಕೆಲವರು ಕಥೆ ಕಟ್ಟಿದ್ದಾರೆ. ಇದಕ್ಕೆ ಎಳ್ಳಷ್ಟೂ ಆಧಾರವಿಲ್ಲ. ಈ ಗಾದೆ ಎಲ್ಲಿ, ಯಾವಾಗ, ಯಾರಿಂದ ಹುಟ್ಟಿತೋ ಯಾರಿಗೂ ತಿಳಿಯದು. ಅಂಬಿಗನ ಕಥೆಯನ್ನು ನಂಬುವವನು ತನ್ನ ಮನೆಯ ಬಾಗಿಲನ್ನೂ ಕಳೆದುಕೊಂಡಾನು.' ಸರಿಯಾಗಿ ಹೇಳಿದ್ನಾ?"

"ಸರಿಯಾಗಿದೆ ತಾಯಿ," ಎಂದು ಪಂಡಿತರು ಮೇಜು ಹಿಡಿದುಕೊಂಡರು.

ಸಂಜೆ ಐದಕ್ಕೆ ಬಾಗಿಲ ಸುತ್ತ ಜನವೋ ಜನ. ಬಡಗಿ ಮುಂದಿನ ಸಾಲಿನಲ್ಲಿ, ಅಂಚೆಯಣ್ಣ ಕೋಟಿನಲ್ಲಿ. ಗೋಡೌನಿನ ಕೈಗಾಡಿಯೂ ಬಂದು ನಿಂತಿತ್ತು. ರಸ್ತೆ ಅಧಿಕಾರಿ ಫೈಲು ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದರು. ಪಂಡಿತರನ್ನು ಅವರ ಹೆಂಡತಿ ತೋಳು ಹಿಡಿದು ಕರೆತಂದಿದ್ದರು. ಬಿಟ್ಟರೆ ಓಡಿಹೋಗುತ್ತಾರೆಂದು ಅವರಿಗೆ, ಬಿಟ್ಟರೆ ಬಿದ್ದುಬಿಡುತ್ತೇನೆಂದು ಪಂಡಿತರಿಗೆ ಭಯ.

ಅಳತೆ ಸಾಹೇಬರು ಪುಸ್ತಕ ಹಿಡಿದು ಹೊರಗೆ ಬಂದರು. ಮುಖ ಹಳೆಯ ಇಲಾಖೆಯ ಮುಖ. ಪಂಡಿತರನ್ನು ಒಂದು ಸಲ, ತಲೆಯಿಂದ ಕಾಲಿನ ಎರಡು ಬಗೆಯ ಚಪ್ಪಲಿಯವರೆಗೆ, ತೂಗಿ ನೋಡಿದರು. ಬಾಗಿಲ ಮೇಲೆ ಕೂತರು. ಹಿಂದಿನ ಸಂಜೆ ನಡುವೆ ನಿಂತಿದ್ದ ಆಟ ಹಾಗೆಯೇ ಇತ್ತು. ಕಪ್ಪು ರಾಜ ಸಿಕ್ಕಿಬೀಳುವುದರಲ್ಲಿದ್ದ. ಸಾಹೇಬರು ಅವನನ್ನೂ ಒಂದು ಸಲ ನೋಡಿ ಪುಸ್ತಕ ತೆರೆದರು.

ಗಟ್ಟಿಯಾಗಿ, ಒಂದೊಂದಕ್ಷರ ಬಿಡಿಸಿ ಓದಿದರು. ಅಂಬಿಗ ಬಂದ, ಹುಟ್ಟು ಇಳಿಯಿತು, ಕೋಟು ಹೋಯಿತು. "'...ಬಾಗಿಲನ್ನು ಬಿಚ್ಚಿಸಿ ಬೀದಿಗೆ ತಂದು ಹಾಕಿ, ಅದರ ಮೇಲೆ ಕುಳಿತು, ಬಾಯ್ತುಂಬ ನಕ್ಕು ಈ ಮಾತನ್ನು ಹೇಳಿದನು.'"

ಓದಿ, ಪುಸ್ತಕ ಮುಚ್ಚಿದರು.

ಜನ ಚಪ್ಪಾಳೆ ತಟ್ಟಿದರು. ಅಧಿಕಾರಿ ಬರೆಯುತ್ತಿದ್ದವರು ತಲೆಯೆತ್ತಿದರು. "ಅಷ್ಟೇನಾ? ಮುಂದೆ?"

"ಪುಟ ಮುಗೀತು."

"ಪುಟ ಮುಗಿದ್ರೆ ತಿರುವಬೇಕಲ್ಲ ಸ್ವಾಮಿ?"

ಪಂಡಿತರು ಕಣ್ಣು ಮುಚ್ಚಿದರು.

"ನೀವು ಕೇಳಿದ್ದು ಏನು? ಅಚ್ಚಿನಲ್ಲಿ ಮೂಲ," ಎಂದರು ಸಾಹೇಬರು, ಹಿಂದೆ ಅಂಗಡಿಯವರ ರಕ್ತ ತಣ್ಣಗೆ ಮಾಡುತ್ತಿದ್ದ ಅದೇ ದನಿಯಲ್ಲಿ. "ಮೂಲ ಹದಿನೇಳರಲ್ಲಿದೆ. ನೋಡ್ಕೊಳ್ಳಿ, ಪುಟದ ಸಂಖ್ಯೆ ಬರ್ಕೊಳ್ಳಿ. ಕೇಳಿದ್ದಕ್ಕಿಂತ ಹೆಚ್ಚು ತೂಗಿ ಕೊಡೋದು ನಮ್ಮ ಇಲಾಖೆಯ ಪದ್ಧತಿಯಲ್ಲ. ಏನು ಭಾವ, ಇಷ್ಟು ಸಾಕಲ್ವಾ?"

"ಸಾ... ಸಾಕು ಭಾವ," ಎಂದರು ಪಂಡಿತರು.

ಅಧಿಕಾರಿ 'ಹಳೆಯ ಪದ್ಧತಿ, ಆಧಾರ ಪುಟ ಹದಿನೇಳು' ಎಂದು ಬರೆದು, ಠಸ್ಸೆ ಹೊಡೆದು, ಕೈಗಾಡಿಯನ್ನು ಹಿಂದಕ್ಕೆ ಕಳಿಸಿದರು. ತಾವು ಮಾತ್ರ ಹೋಗಲಿಲ್ಲ. "ಕಪ್ಪು ಯಾರದ್ದು? ಸ್ವಲ್ಪ ಸರೀರಿ, ಈ ರಾಜನ್ನ ನಾನು ಉಳಿಸ್ತೀನಿ."

ಗದ್ದಲ ಕಡಿಮೆಯಾದ ಮೇಲೆ ಸಾಹೇಬರು ಪಂಡಿತರನ್ನು ಬಾಗಿಲಿಲ್ಲದ ಬಾಗಿಲ ಹತ್ತಿರ ಕರೆದರು.

"ಭಾವ, ಮೂವತ್ತನಾಲ್ಕು ವರ್ಷದಲ್ಲಿ ಇವತ್ತು ಮೊದಲ ಸಲ ತೂಕದಲ್ಲಿ ಹೊಡೆದೆ."

ಪಂಡಿತರು ಎರಡೂ ಕೈ ಜೋಡಿಸಿದರು. "ಎಷ್ಟು?"

"ಒಂದು ಪುಟ."

"ನನ್ನಿಂದ ತಪ್ಪಾಯ್ತು ಭಾವ. ನಾಳೆಯೇ ಬಡಗಿ ಹತ್ರ ಬಾಗಿಲು ಕೂರಿಸ್ತೀನಿ..."

"ಮುಟ್ಟಿದ್ರೆ ಜೋಕೆ! ಆ ಕಡೆ ಸೋತಿರೋ ಆಟ ಇದೆ ನನ್ನದು." ಸಾಹೇಬರು ನೋಟ್‌ಬುಕ್ ತೆಗೆದರು. "ಆದರೆ ತಪ್ಪಿಗೆ ದಂಡ ಇದೆ. ನಾಳೆಯಿಂದ ದಿನಾ ಸಂಜೆ ಇಲ್ಲಿ ಕೂತು ಒಂದು ಪುಸ್ತಕ ನೀವು ಗಟ್ಟಿಯಾಗಿ ಓದಬೇಕು. ಒಂದನೇ ಪುಟದಿಂದ. ನಡುವೆ ಒಂದೂ ಬಿಡೋ ಹಾಗಿಲ್ಲ. ನಾನು ಎಣಿಸ್ತಾ ಇರ್ತೀನಿ."

ಮರುದಿನ ಬಡಗಿ ಬಂದು ಇಟ್ಟಿಗೆ ತೆಗೆದು ಬಾಗಿಲಿಗೆ ನಾಲ್ಕು ಗಟ್ಟಿ ಕಾಲು ಜೋಡಿಸಿದ. ಮನೆಗೆ ಒಂದು ಪರದೆ ಬಂತು. ಕಳ್ಳರ ಭಯವಿಲ್ಲವೇ ಎಂದು ಕೇಳಬೇಡಿ, ಅರ್ಧ ಬೀದಿ ಅಲ್ಲೇ ಕೂತಿರುವಾಗ ಕಳ್ಳನಿಗೆ ಜಾಗವೆಲ್ಲಿ?

ಪಂಡಿತರು ಆರಿಸಿಕೊಂಡದ್ದು ಒಂದು ಪತ್ತೇದಾರಿ ಕಥೆ, ಅವರೇ ಬೈಂಡು ಹಾಕಿದ್ದು. ಮೊದಲ ಸಂಜೆ ಹದಿನಾರು ಪುಟ ಓದುವಷ್ಟರಲ್ಲಿ ಬೆವರಿಳಿಯಿತು. ಹದಿನೇಳನೆಯದು ಬಂದಾಗ ಮುಖ ಅರಳಿ, ಪುಸ್ತಕ ಮಡಿಲಲ್ಲಿಟ್ಟು, ಕಣ್ಣು ಮುಚ್ಚಿ ಇಡೀ ಪುಟವನ್ನು ಬಾಯಿಪಾಠ ಒಪ್ಪಿಸಿದರು. ಜನ ಬೆರಗಾಗಿ, "ಪಂಡಿತರು ಅಂದ್ರೆ ಪಂಡಿತರಪ್ಪ!" ಎಂದರು. ಸಾಹೇಬರು ಕೆಮ್ಮಿದರು.

ಆಮೇಲೆ ಪಂಡಿತರು ಹಾಳೆ ತಿರುವಿದರು.

ಒಂದು ನಿಮಿಷವಾಯಿತು. ಎರಡಾಯಿತು. ಅವರ ತುಟಿ ಅಲುಗುತ್ತಿದೆ, ದನಿ ಇಲ್ಲ. ಕಣ್ಣು ಸಾಲಿನಿಂದ ಸಾಲಿಗೆ ಓಡುತ್ತಿದೆ. ಟೀ ಆರಿತು, ಒಂದು ನೊಣ ಮೂಗಿನ ಮೇಲೆ ಕೂತಿತು, ಅದನ್ನು ಓಡಿಸುವ ಪುರುಸೊತ್ತೂ ಇಲ್ಲ. ಇನ್ನೊಂದು ಹಾಳೆ ತಿರುವಿದರು. ಅಧಿಕಾರಿ ಕಿಲೋದ ರಾಜನನ್ನು ಕೈಯಲ್ಲೇ ಹಿಡಿದುಕೊಂಡು ಕತ್ತು ಚಾಚಿದರು. ಅಂಚೆಯಣ್ಣ ಕೋಟಿನ ಕಾಲರಿನಿಂದ ತಲೆ ಹೊರಗೆ ಹಾಕಿದ.

ಕೊನೆಗೆ ಇಡೀ ಬೀದಿ ಒಂದೇ ದನಿಯಲ್ಲಿ ಕೂಗಿತು: "ಪಂಡಿತರೇ, ಗಟ್ಟಿಯಾಗಿ ಓದ್ರೀ! ಕೊಂದೋರು ಯಾರು?"

"ಶ್ ಶ್!" ಎಂದರು ಪಂಡಿತರು, ತಲೆಯೆತ್ತದೆ. "ಸ್ವಲ್ಪ ಸುಮ್ನಿರಿ. ಇದು ನನಗೂ ಹೊಸದು."